ತಾನಾಗಿ ಬರುವ ತನಕ

ಮೈಸೂರಿನ ಅವಧೂತ ದತ್ತ ಪೀಠದ ಶುಕವನ 468 ಜಾತಿಯ ಹಕ್ಕಿಗಳೊಂದಿಗೆ 2017ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಅಲ್ಲಿಗೆ ಬರುವ ಮಕ್ಕಳ ಮೊದಲ ಪ್ರಶ್ನೆ ಬಣ್ಣದ್ದಲ್ಲ, ಲೆಕ್ಕದ್ದೂ ಅಲ್ಲ: “ಇದು ಮಾತಾಡುತ್ತಾ?” ಆ ಪ್ರಶ್ನೆಗೆ ಮುಂಚೆ ಕೇಳಬೇಕಾದದ್ದು ಇನ್ನೊಂದಿದೆ. ಗಿಳಿ ಯಾಕಾದರೂ ಮಾತಾಡಬೇಕು?

ಕಾಡಿನಲ್ಲಿ ಗಿಳಿಗೆ ಹಿಂಡೇ ಬದುಕು. ಹಿಂಡಿನ ಕೂಗನ್ನು ಕೇಳಿ ಕಲಿತು ಅದು ತನ್ನವರೊಳಗೆ ಒಂದಾಗುತ್ತದೆ. ಮನೆಗೆ ಬಂದ ಒಂಟಿ ಗಿಳಿಗೆ ಮನೆಯವರೇ ಹಿಂಡು, ಅವರ ಮಾತೇ ಹಿಂಡಿನ ಕೂಗು. ನಮ್ಮನ್ನು ರಂಜಿಸುವ ಉಮೇದಿನಿಂದ ಅದು ನುಡಿಯುವುದಿಲ್ಲ. ನಮ್ಮ ಜತೆ ಸೇರಿಕೊಳ್ಳಲು ನುಡಿಯುತ್ತದೆ.

ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಅಲೆಕ್ಸ್ ಎಂಬ ಆಫ್ರಿಕಾದ ಬೂದು ಗಿಳಿಗೆ ಕಲಿಸಲು ಕೂತಾಗ ಇದೇ ಸ್ವಭಾವವನ್ನು ನೆಚ್ಚಿಕೊಂಡರು. ಗಿಳಿಯೆದುರು ಇಬ್ಬರು ಕೂರುವರು. ಒಬ್ಬರು ವಸ್ತು ತೋರಿಸಿ ಹೆಸರು ಕೇಳುವರು; ಇನ್ನೊಬ್ಬರು ಸರಿಯಾಗಿ ಹೇಳಿ ಆ ವಸ್ತುವನ್ನೇ ಪಡೆಯುವರು. ನೋಡುತ್ತಿದ್ದ ಗಿಳಿಗೆ ತಾನೂ ಆ ಮಾತುಕತೆಯೊಳಗೆ ಇರಬೇಕೆನಿಸುವುದು. 2007ರಲ್ಲಿ ಸಾಯುವ ಹೊತ್ತಿಗೆ ಅಲೆಕ್ಸ್ ಹತ್ತಾರು ವಸ್ತುಗಳನ್ನು, ಬಣ್ಣಗಳನ್ನು, ಆಕಾರಗಳನ್ನು ಹೆಸರಿಸುತ್ತಿತ್ತು. ಅದೇ ಜಾತಿಯ ಗಿಳಿಗಳಿಗೆ ಬರೀ ಧ್ವನಿಮುದ್ರಣ ಕೇಳಿಸಿ ನೋಡಿದಾಗ ಅವು ಹಾಗೆ ಕಲಿಯಲಿಲ್ಲ. ಪದ ಅದೇ ಇತ್ತು, ಜತೆಗಾರರು ಇರಲಿಲ್ಲ.

ಹಾಗಾದರೆ ಅಕ್ಕರೆಯೇ ಗುರುವೇ? ಅಷ್ಟು ಸಲೀಸಾಗಿ ಹೇಳುವಂತಿಲ್ಲ. ಮನೆಯ ಮಗು ಮೊಲದ ಮರಿಯನ್ನು ಕಂಡೊಡನೆ ಮೇಲಿನಿಂದ ಬಾಚಿ ಎತ್ತಿ ಎದೆಗೆ ಒತ್ತಿಕೊಳ್ಳುತ್ತದೆ. ಮಗುವಿನ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಆದರೆ ಮೇಲಿನಿಂದ ಎರಗಿದ ಕೈ ಮೊಲದ ಮೈಗೆ ಹದ್ದು. ನಮ್ಮ ಪ್ರೀತಿ ಎಷ್ಟಿದೆ ಎಂಬುದು ಆ ಜೀವಕ್ಕೆ ಕಾಣದು. ನಾವು ಹೇಗೆ ಮುಟ್ಟುತ್ತೇವೆ ಎಂಬುದಷ್ಟೇ ಗೊತ್ತಾಗುತ್ತದೆ.

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಇದನ್ನು ಪ್ರಯೋಗಾಲಯದ ಇಲಿಗಳಲ್ಲಿ ನೋಡಿದರು. ಬಾಲ ಹಿಡಿದು ಎತ್ತುವುದು ಹಳೆಯ ರೂಢಿ. ಅದರ ಬದಲು ಒಂದು ಕೊಳವೆ ಇಟ್ಟು, ಇಲಿ ಒಳಗೆ ಹೋದ ಮೇಲೆ ಕೊಳವೆ ಸಮೇತ ಎತ್ತಿದರೆ ಅದರ ಅಂಜಿಕೆ ತಗ್ಗುತ್ತದೆಂದು 2010ರಲ್ಲಿ ವರದಿಯಾಯಿತು. 2017ರ ಅಧ್ಯಯನ ಮುಂದಿನ ಮಾತನ್ನೂ ಹೇಳಿತು: ಬಾಲ ಹಿಡಿಸಿಕೊಂಡ ಇಲಿಗಳು ಹೊಸ ವಾಸನೆಯ ಹತ್ತಿರ ಹೋಗಲೇ ಹಿಂಜರಿದು ಪರೀಕ್ಷೆಯಲ್ಲಿ ಹಿಂದೆ ಬಿದ್ದವು. ಕೊಳವೆಯಲ್ಲಿ ಬಂದವು ಮೂಸಿ ನೋಡಿ ವ್ಯತ್ಯಾಸ ಗುರುತಿಸಿದವು. ಮೊದಲಿನವು ದಡ್ಡ ಇಲಿಗಳಲ್ಲ, ಹೆದರಿದ ಇಲಿಗಳು. ಅಕ್ಕರೆ ಬುದ್ಧಿಯನ್ನು ಹೊಸದಾಗಿ ತುಂಬುವುದಿಲ್ಲ. ಇರುವ ಬುದ್ಧಿಯ ಮೇಲೆ ಕೂತ ಭಯವನ್ನು ಇಳಿಸುತ್ತದೆ. ಆ ಜೀವ ತಾನಾಗಿ ಹತ್ತಿರ ಬರುವ ತನಕ ಕಾಯಬಲ್ಲ ಅಕ್ಕರೆ ಮಾತ್ರ ಇದನ್ನು ಮಾಡೀತು.

ಭಯದಿಂದಲೂ ಹಸಿವಿನಿಂದಲೂ ಪ್ರಾಣಿ ಕಲಿಯುತ್ತದೆ, ನಿಜ. ಬೀದಿಬದಿಯ ಗಿಳಿಶಾಸ್ತ್ರದ ಹಕ್ಕಿ ಪಂಜರದಿಂದ ಹೊರಬಂದು, ಒಂದು ಚೀಟಿ ಎಳೆದು, ಕಾಳು ತಿಂದು, ತಾನೇ ಒಳಹೋಗುತ್ತದೆ. ಕೆಲಸ ಅಚ್ಚುಕಟ್ಟು. ಆದರೆ ಆ ಪಾಠ ಚೀಟಿಯಿಂದಾಚೆಗೆ ಬೆಳೆಯುವುದಿಲ್ಲ. ಹೊಸದನ್ನು ಕುಕ್ಕಿ ನೋಡುವ ಕುತೂಹಲ ನಿಶ್ಚಿಂತೆಯಿರುವಲ್ಲಿ ಮಾತ್ರ ಹುಟ್ಟುತ್ತದೆ.

ಇಲ್ಲೇ ನಮ್ಮ ಹೊಣೆ ಶುರುವಾಗುವುದು. ನಮ್ಮನ್ನು ನಂಬಿ ಕಲಿತ ಜೀವ ನಮಗೇ ಕಟ್ಟುಬೀಳುತ್ತದೆ. ಬೂದು ಗಿಳಿಯ ಆಯಸ್ಸು ದಶಕಗಳಷ್ಟು. ಮಾತು ಕಲಿಸಿದ ಮಕ್ಕಳು ಓದು, ಕೆಲಸವೆಂದು ಬೆಂಗಳೂರಿಗೋ ವಿದೇಶಕ್ಕೋ ಹೊರಟುಹೋಗುತ್ತಾರೆ. ಒಂಟಿಯಾದ ಗಿಳಿ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುವುದುಂಟು. ಇನ್ನು ನಮ್ಮೂರ ಮರಗಳ ಹಸಿರು ಗಿಳಿಯನ್ನು ಪಂಜರಕ್ಕೆ ಹಾಕುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೇ. ಅದಕ್ಕೆ ಹಿಂಡು ಇದೆ, ಮಾತಿದೆ. ನಮ್ಮ ಪಾಠದ ಅಗತ್ಯವಿಲ್ಲ.

ಅಂಗಡಿಯಿಂದ ಜೋಡಿ ಲವ್ ಬರ್ಡ್ಸ್ ಅನ್ನೋ ಮೊಲವನ್ನೋ ತರುವವರು “ಇದು ಏನೇನು ಕಲಿಯುತ್ತೆ?” ಎಂದು ಕೇಳುವುದು ಸಹಜ. ಅದು ಬದುಕಿರುವಷ್ಟು ಕಾಲ ಅದರ ಜತೆ ಯಾರಿರುತ್ತಾರೆ ಎಂಬುದನ್ನು ಮೊದಲು ಮನೆಮಂದಿಯೆಲ್ಲ ಕೂತು ತೀರ್ಮಾನಿಸಲಿ. ಅದಕ್ಕೆ ಉತ್ತರ ಸಿಗದಿದ್ದರೆ, ತರದೇ ಇರುವುದೂ ಪ್ರೀತಿಯೇ.