ಒಂದೇ ಶಿಲೆ, ಎರಡು ದಿಕ್ಕು



ಶ್ರೀ ಕ್ಷೇತ್ರ ಘಾಟಿಗೆ ಬಂದು, ಸರದಿಯಲ್ಲಿ ನಿಂತು, ಸುಬ್ರಹ್ಮಣ್ಯಸ್ವಾಮಿಗೆ ಕೈ ಮುಗಿದು, ತೀರ್ಥಪ್ರಸಾದ ತಗೊಂಡು ಹೊರಗೆ ಬಂದ ಮೇಲೆ ಎಷ್ಟೋ ಜನ ಕಚೇರಿ ಕಿಟಕಿ ಹತ್ತಿರ ನಿಂತು ಕೇಳುತ್ತಾರೆ, "ನರಸಿಂಹಸ್ವಾಮಿ ಗುಡಿ ಯಾವ ಕಡೆ ಸಾರ್?" ಅದಕ್ಕೆ ಬೇರೆ ಗುಡಿ ಇಲ್ಲ. ಈಗ ತಾನೇ ನೋಡಿ ಬಂದ ಶಿಲೆಯ ಹಿಂಬದಿಯಲ್ಲೇ ಸ್ವಾಮಿ ಇದ್ದಾನೆ. ಮುಂದೆ ಏಳು ಹೆಡೆಯ ಸರ್ಪರೂಪದ ಸುಬ್ರಹ್ಮಣ್ಯ ಪೂರ್ವಾಭಿಮುಖ, ಹಿಂದೆ ನರಸಿಂಹ ಪಶ್ಚಿಮಾಭಿಮುಖ. ವಿಗ್ರಹದ ಹಿಂದೆ ಕನ್ನಡಿ ಇಟ್ಟಿರುವುದು ಅದಕ್ಕೇ. ಅಲಂಕಾರ ಅಂದುಕೊಂಡು ಹೋಗಿಬಿಡುತ್ತಾರೆ.

ದೇವರು ಯಾವ ಕಡೆ ನೋಡುತ್ತಾನೆ ಅನ್ನುವುದಕ್ಕೆ ಅರ್ಥ ಇದೆ. ಉದಯಸೂರ್ಯನ ಬೆಳಕು ಬೀಳಲಿ ಎಂದು ಸಾಮಾನ್ಯವಾಗಿ ದೇವಾಲಯಗಳನ್ನು ಪೂರ್ವಕ್ಕೆ ಕಟ್ಟುತ್ತಾರೆ. ಆದರೆ ಉಡುಪಿಯ ಕೃಷ್ಣ ಪಶ್ಚಿಮಕ್ಕೆ ನೋಡುತ್ತಾನೆ, ಕನಕದಾಸರ ಭಕ್ತಿಗೆ ತಿರುಗಿ ನಿಂತ ಅಂತ ಪ್ರತೀತಿ. ಇಕ್ಕೇರಿಯ ಅಘೋರೇಶ್ವರ ದೇವಾಲಯ ಉತ್ತರಕ್ಕಿದೆ. ಬೆಂಗಳೂರಿನ ಗವಿಗಂಗಾಧರೇಶ್ವರನ ಮೇಲೆ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಬೀಳುತ್ತೆ. ಆದಿ ಸುಬ್ರಹ್ಮಣ್ಯ ಎನಿಸಿದ ಕುಕ್ಕೆಯಲ್ಲಿ ಹಿಂಬಾಗಿಲಿನಿಂದ ಒಳಗೆ ಬಂದು, ಸುತ್ತಿಕೊಂಡು ಎದುರಿಗೆ ಹೋಗಬೇಕು. ನಮ್ಮ ಘಾಟಿ ಮಧ್ಯ ಸುಬ್ರಹ್ಮಣ್ಯ. ಅಂತ್ಯ ಸುಬ್ರಹ್ಮಣ್ಯ ಪಾವಗಡ ತಾಲ್ಲೂಕಿನ ನಾಗಲಮಡಿಕೆ.

ಇಲ್ಲಿ ಎರಡು ದಿಕ್ಕು ಏಕೆ? ಸ್ಥಳಪುರಾಣ ಹೀಗಿದೆ. ಸ್ವಾಮಿ ಸರ್ಪರೂಪದಲ್ಲಿ ಇಲ್ಲಿದ್ದು ಘಟಿಕಾಸುರನನ್ನು ಸಂಹರಿಸಿದ. ಅಸುರನ ಭಯ ಹೋಯಿತು, ಗರುಡನ ಭಯ ಹೋಗಲಿಲ್ಲ. ಹಾವಿಗೆ ಗರುಡ ಹುಟ್ಟು ವೈರಿ. ಆಗ ಸ್ವಾಮಿ ಗರುಡನ ಒಡೆಯನಾದ ಮಹಾವಿಷ್ಣುವನ್ನೇ ಮೊರೆಹೊಕ್ಕು, ನಾಗಕುಲವನ್ನು ಕಾಯಬೇಕು ಎಂದು ಬೇಡಿದ. ವಾಹನದ ಜೊತೆ ಜಗಳ ಯಾಕೆ, ಯಜಮಾನನನ್ನೇ ಹಿಡಿದರಾಯ್ತಲ್ಲ! ವಿಷ್ಣು ಒಪ್ಪಿ ನರಸಿಂಹನಾಗಿ ಬೆನ್ನಿಗೆ ಬೆನ್ನು ಕೊಟ್ಟು ನಿಂತ. ಮನೆಯಲ್ಲಿ ಮುನಿಸಿಕೊಂಡವರೂ ಬೆನ್ನು ತಿರುಗಿಸುತ್ತಾರೆ, ಇದು ಆ ಥರದ್ದಲ್ಲ. ಕಾವಲಿಗೆ ನಿಂತವರು ಹೀಗೆ ನಿಲ್ಲುತ್ತಾರೆ, ಇವನಿಗೆ ಕಾಣದ ಕಡೆ ಅವನು ನೋಡುತ್ತಾನೆ.

ಈ ಮಾತನ್ನು ಮುಖ್ಯವಾಗಿ ಸಂತಾನವಿಲ್ಲದೆ ಬರುವ ದಂಪತಿಗಳಿಗೆ ಹೇಳಬೇಕು. ಜಾತಕ ನೋಡಿದವರು ಯಾರೋ ಸರ್ಪದೋಷ ಅಂದಿರುತ್ತಾರೆ, ಮನೆಯವರು ದೋಷವನ್ನೆಲ್ಲ ಸೊಸೆ ತಲೆಗೆ ಕಟ್ಟಿರುತ್ತಾರೆ. ಆ ಹೆಣ್ಣುಮಗಳು ನಾಗರಕಲ್ಲಿಗೆ ಹಾಲೆರೆಯುವಾಗಲೂ ನಡುಗುತ್ತಾಳೆ. ತಾಯಿ, ಹೆದರಬೇಡ. ನೀನು ಹೆದರುತ್ತಿರುವ ನಾಗನೇ ಇಲ್ಲಿ ಹೆದರಿ ಆಸರೆ ಕೇಳಿದವನು. ತಾನು ಭಯಪಟ್ಟವನಿಗೆ ಭಯಪಟ್ಟು ಬಂದವರ ಕಷ್ಟ ಗೊತ್ತಿರುತ್ತೆ. ಹರಕೆ ಹೊತ್ತು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಇಲ್ಲಿ ಎಷ್ಟಿವೆ ನೋಡಿ, ಒಂದೊಂದರ ಹಿಂದೆಯೂ ಒಂದೊಂದು ಮನೆ ಇದೆ. ಡಾಕ್ಟರ್ ಹತ್ತಿರ ತೋರಿಸುತ್ತಿದ್ದರೆ ಅದನ್ನೂ ಬಿಡಬೇಡಿ, ಗಂಡನೂ ತೋರಿಸಿಕೊಳ್ಳಲಿ. ದೇವರು ಬೇಡ ಅನ್ನಲ್ಲ.

ದರ್ಶನದ ಕ್ರಮ ಇಷ್ಟೇ. ಮೊದಲು ಎದುರಿಗೆ ಸುಬ್ರಹ್ಮಣ್ಯನನ್ನು ನೋಡಿ ನಿಮ್ಮ ಕಷ್ಟ ಹೇಳಿಕೊಳ್ಳಿ. ಆಮೇಲೆ ಕಣ್ಣೆತ್ತಿ ಕನ್ನಡಿಯಲ್ಲಿ ನರಸಿಂಹನನ್ನು ನೋಡಿ. ಪುಷ್ಯ ಶುದ್ಧ ಷಷ್ಠಿಯ ಬ್ರಹ್ಮರಥೋತ್ಸವಕ್ಕೆ ಬಂದರೆ ಜನಜಂಗುಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಆಗಲ್ಲ, ಆದ್ದರಿಂದ ಸರದಿಯಲ್ಲಿ ಇರುವಾಗಲೇ ಇದನ್ನು ನೆನಪಿಟ್ಟುಕೊಳ್ಳಿ. ಮಕ್ಕಳನ್ನು ಎತ್ತಿಕೊಂಡು ತೋರಿಸಿ, ಅವಕ್ಕೆ ಕೆಳಗಿನಿಂದ ಕನ್ನಡಿ ಕಾಣಲ್ಲ.