ಮಾರಲು ಬಾರದ ಹೊತ್ತು



ಇತ್ತೀಚೆಗೆ ಒಂದು ಹೊಸ ಮನೆಯ ಆಶೀರ್ವಾದಕ್ಕೆ ಹೋಗಿದ್ದೆ. ತಾಯಿ, ಮಕ್ಕಳು, ನೆರೆಯವರು ಎಲ್ಲರೂ ಇದ್ದರು. ಮನೆಯ ಯಜಮಾನರು ಮಾತ್ರ ಇರಲಿಲ್ಲ. ಭಾನುವಾರವಾದರೂ ಕಾರ್ಖಾನೆಯಲ್ಲಿ ಓ.ಟಿ. ಇತ್ತಂತೆ. ಆಮೇಲೆ ಸಿಕ್ಕಾಗ ಕೇಳಿದೆ. "ಎಲ್ಲಾ ಮಕ್ಕಳಿಗೋಸ್ಕರ ತಾನೆ, ಸ್ವಾಮಿ?" ಎಂದರು. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಅದು ಪೂರ್ತಿ ಉತ್ತರವೇ?

1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರು 'ರೇರುಂ ನೋವಾರುಂ' ಎಂಬ ವಿಶ್ವಪತ್ರದಲ್ಲಿ ಕಾರ್ಮಿಕರ ಪರವಾಗಿ ಬರೆದರು. ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು, ಇವು ನಾವು ಕೇಳಿರುವ ವಿಷಯಗಳೇ. ನಾವು ಅಷ್ಟಾಗಿ ಗಮನಿಸದ ಇನ್ನೊಂದು ವಿಚಾರವೂ ಅಲ್ಲಿದೆ. ದೇವರಿಗೂ ತನಗೂ ಸಲ್ಲಬೇಕಾದ ಕರ್ತವ್ಯವನ್ನು ಬಿಟ್ಟುಕೊಡು ಎಂದು ಧಣಿ ಕೇಳುವುದು ಅನ್ಯಾಯ. ಬಿಡುತ್ತೇನೆ ಎಂದು ಕೆಲಸಗಾರ ಒಪ್ಪುವುದೂ ಸರಿಯಲ್ಲ. ಅಂದರೆ, ವಿಶ್ರಾಂತಿ ನನ್ನದು, ಬೇಕಾದರೆ ಮಾರುತ್ತೇನೆ ಎನ್ನುವಂತಿಲ್ಲ. ತಂದೆಯ ಸಂಜೆಯಲ್ಲಿ ಹೆಂಡತಿ ಮಕ್ಕಳಿಗೂ ಪಾಲಿದೆ ಎಂಬುದು ನಾನು ಸೇರಿಸುವ ಮಾತು.

ವಿಚಿತ್ರವೆಂದರೆ, ಇಂದು ಎಷ್ಟೋ ಮನೆಗಳಲ್ಲಿ ಹಾಗೆ ಕೇಳುವ ಧಣಿಯೇ ಇಲ್ಲ. ಸಾಲದ ಕಾಗದಕ್ಕೆ ಸಹಿ ಹಾಕಿದ ದಿನ ನಾವಾಗಿಯೇ ಮಾರಿಬಿಟ್ಟಿರುತ್ತೇವೆ. ಲೆಕ್ಕ ನೋಡಿ. ಶೇಕಡಾ 9ರ ಬಡ್ಡಿಗೆ 20 ವರ್ಷಕ್ಕೆ 30 ಲಕ್ಷ ಸಾಲ ತೆಗೆದರೆ ತಿಂಗಳ ಕಂತು ಸುಮಾರು 27,000 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 65 ಲಕ್ಷ. ಒಂದು ಕೋಣೆ ಕಡಿಮೆ ಮಾಡಿ 20 ಲಕ್ಷಕ್ಕೆ ನಿಲ್ಲಿಸಿದರೆ ಕಂತು 18,000. ವ್ಯತ್ಯಾಸ 9,000. ಓ.ಟಿ.ಗೆ ಗಂಟೆಗೆ 300 ರೂಪಾಯಿ ಸಿಗುವವರಿಗೆ ಅದು ತಿಂಗಳಿಗೆ 30 ಗಂಟೆಯ ದುಡಿಮೆ. ಹೆಚ್ಚುಕಡಿಮೆ ನಾಲ್ಕು ಭಾನುವಾರ!

"ನಿಮಗೇನು ಸ್ವಾಮಿ, ಬಾಡಿಗೆಯ ಕಾಟವಿಲ್ಲ" ಎನ್ನುವಿರಿ. ನಿಜ, ಒಪ್ಪುತ್ತೇನೆ. ಸ್ವಂತ ಸೂರಿನ ಆಸೆ ದುರಾಸೆಯಲ್ಲ. ನಾನು ಕೇಳುವುದು ಆ ಒಂದು ಕೋಣೆಯ ಬಗ್ಗೆ, ಅದನ್ನು ಯಾರನ್ನು ಕೇಳಿ ಕಟ್ಟಿಸಿದಿರಿ ಎಂಬುದರ ಬಗ್ಗೆ. ಬ್ಯಾಂಕಿಗೆ ಹೋಗುವ ಮುನ್ನ ಗಂಡ ಹೆಂಡತಿ ಕುಳಿತು ಕಂತಿನ ಪಕ್ಕದಲ್ಲಿ ಗಂಟೆಗಳನ್ನೂ ಬರೆಯಿರಿ.

ಸಹಿ ಹಾಕಿ ಆಗಿದ್ದರೆ? ಬಡ್ಡಿದರ ಬದಲಾಗುವ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕ್ 2012ರಲ್ಲೇ ಹಾಗೆ ಆದೇಶಿಸಿದೆ. ಆ ಯಜಮಾನರಿಗೆ ಇದನ್ನೇ ಹೇಳಿ, ಬೋನಸ್ ಬಂದಾಗ ಅಸಲಿಗೆ ಕಟ್ಟಿ ಎಂದೆ. ಅವರು ಆ ಹಣವನ್ನು ಕಾರಿನ ಮುಂಗಡಕ್ಕೆಂದು ಇಟ್ಟುಕೊಂಡಿದ್ದರು. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.