ನೋಟ್‌ಬುಕ್ಕಿನ ಮೂರನೇ ಕಾಲಂ

ಕನ್ನಡ ಮೀಡಿಯಂನಲ್ಲಿ ಓದಿ ಡಿಗ್ರಿಗೆ ಬೆಂಗಳೂರಿಗೆ ಬಂದಾಗ ಸೀನಿಯರ್ ಒಬ್ಬ ಹೇಳಿದ್ದ: ‘ದಿನಾ ಇಂಗ್ಲಿಷ್ ಪೇಪರ್ ಓದು, ಗೊತ್ತಿಲ್ಲದ ಪದ ಬರ್ಕೋ.’ ಅದು 2008, ಅಮೆರಿಕದಲ್ಲಿ ಲೆಹಮನ್ ಬ್ರದರ್ಸ್ ಮುಳುಗಿದ ವರ್ಷ. ಹಾಗಾಗಿ ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ರಿಸೆಷನ್, ಸಬ್‌ಪ್ರೈಮ್, ಬೇಲ್‌ಔಟ್ ಬಂದು ಕೂತವು. ಎಡಕ್ಕೆ ಪದ, ಬಲಕ್ಕೆ ಅರ್ಥ. ಡಿಕ್ಷನರಿ ಬಾಯಿಪಾಠ ಮಾಡಿದ್ದು ಮರೆತುಹೋಗುತ್ತೆ, ಸುದ್ದಿಯ ಜೊತೆ ಬಂದ ಪದ ಉಳಿಯುತ್ತೆ. ಮೊದಲ ಇಂಟರ್‌ವ್ಯೂನಲ್ಲಿ ನನ್ನನ್ನು ದಡ ಸೇರಿಸಿದ್ದು ಆ ನೋಟ್‌ಬುಕ್ಕೇ.

2016ರ ನವೆಂಬರ್ 8ರ ರಾತ್ರಿ ‘ಡಿಮಾನಿಟೈಸೇಷನ್’ ಸೇರಿಕೊಂಡಿತು. ಅರ್ಥ: ನೋಟಿನ ಕಾನೂನು ಮಾನ್ಯತೆ ಹಿಂತೆಗೆಯುವುದು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು ಶೇ 86ರಷ್ಟು 500, 1000ದ ನೋಟುಗಳೇ ಅಂತಲೂ ಬರೆದುಕೊಂಡೆ. ಆ ವಾರ ಫೋನ್ ಮಾಡಿದಾಗ ಅಮ್ಮ ಮೆಲ್ಲಗೆ ಕೇಳಿದಳು: ‘ಸಾಸಿವೆ ಡಬ್ಬೀಲಿ ಸ್ವಲ್ಪ ಇಟ್ಟಿದೀನಿ ಕಣೋ. ಅಪ್ಪಂಗೆ ಗೊತ್ತಿಲ್ಲ. ಏನ್ ಮಾಡ್ಲಿ?’ ಬ್ಯಾಂಕಿನ ಸಾಲಿನಲ್ಲಿ ನಿಂತ ದಿನ ಅವಳ ಎಷ್ಟೋ ವರ್ಷದ ಗುಟ್ಟು ಊರಿಗೇ ಗೊತ್ತಾಯ್ತು. ನನ್ನ ಅರ್ಥದ ಕಾಲಂನಲ್ಲಿ ಇದ್ಯಾವುದೂ ಇರಲಿಲ್ಲ.

ಇನ್ನೊಂದು ಸಲ ‘ಇನ್‌ಫ್ಲೇಷನ್ ಇಳಿದಿದೆ’ ಅಂದೆ. ‘ಹಂಗಾದ್ರೆ ಬೇಳೆ ಯಾಕೆ ಇಳಿದಿಲ್ಲ?’ ಅಂದಳು. ನಗು ಬಂತು, ಆಮೇಲೆ ಯೋಚಿಸಿದೆ. 100 ರೂಪಾಯಿಯ ದಿನಸಿ ಒಂದು ವರ್ಷದಲ್ಲಿ 106 ಆಗಿ, ಮರುವರ್ಷ 110 ಆದರೆ ಇನ್‌ಫ್ಲೇಷನ್ ಶೇ 6ರಿಂದ ಹತ್ತಿರಹತ್ತಿರ 4ಕ್ಕೆ ಇಳಿದ ಹಾಗೆ. ನಿಧಾನವಾಗಿದ್ದು ಏರುವ ವೇಗ ಮಾತ್ರ, ಬೆಲೆ ಏರುತ್ತಲೇ ಇದೆ. ರಿಸರ್ವ್ ಬ್ಯಾಂಕಿನ ಗುರಿಯೂ ಸೊನ್ನೆಯಲ್ಲ, ಶೇ 4. ಪದ ಸರಿಯಾಗಿಯೇ ಇತ್ತು, ಅಮ್ಮನ ಪ್ರಶ್ನೆಯೂ ಸರಿಯಾಗಿತ್ತು. ಎರಡರ ನಡುವೆ ನಿಂತು ವಿವರಿಸಬೇಕಾದವನು ನಾನು, ಸುಮ್ಮನೆ ನಕ್ಕಿದ್ದೆ.

ಇದೆಲ್ಲ ಚಿಕ್ಕ ತಪ್ಪು. ದೊಡ್ಡದು ಆಫೀಸಿನಲ್ಲಿ ಆಯ್ತು. ಟೀಮಿನಿಂದ ಮೂವರನ್ನು ತೆಗೆಯುವ ಮೇಲ್ ಬರೆಯೋಕೆ ನನ್ನನ್ನೇ ಕೂರಿಸಿದರು, ಇಂಗ್ಲಿಷ್ ಚೆನ್ನಾಗಿದೆ ಅಂತ. ‘ರೈಟ್‌ಸೈಜಿಂಗ್’ ಅಂತ ಬರೆದೆ. ಅದೂ ಪೇಪರಿನಿಂದಲೇ ಕಲಿತ ಪದ. ನಯವಾಗಿ ಬಂತು ಅಂತ ಒಳಗೊಳಗೇ ಖುಷಿಯೂ ಆಯ್ತು. ಮೂವರಲ್ಲಿ ಒಬ್ಬ ಮೇಲ್ ಹಿಡಿದು ನನ್ನ ಡೆಸ್ಕಿಗೇ ಬಂದ. ‘ಗುರು, ಅಂದ್ರೆ ನಾಳೆಯಿಂದ ನಾನು ಬರೋದು ಬೇಡ್ವಾ?’ ನಾನು ‘ಹೌದು’ ಅನ್ನಬೇಕಿತ್ತು. ‘ಎಚ್‌ಆರ್ ಹತ್ರ ಮಾತಾಡು’ ಅಂದೆ.

ಹಳ್ಳಿಗಳ ಮೇಲೆ ಬಾಂಬ್ ಹಾಕುವುದನ್ನು ‘ಶಾಂತಿ ಸ್ಥಾಪನೆ’ ಅಂತ ಕರೆಯುವವರ ಬಗ್ಗೆ ಜಾರ್ಜ್ ಆರ್ವೆಲ್ 1946ರಲ್ಲೇ ಬರೆದಿದ್ದ. ಅದನ್ನು ಓದುವಾಗ ಅವರೆಲ್ಲ ಬೇರೆ ಯಾರೋ ಅನ್ನಿಸಿತ್ತು.

ಹಾಗಂತ ಇಂಗ್ಲಿಷ್ ಪದ ಕೆಟ್ಟದ್ದು, ಕನ್ನಡ ಒಳ್ಳೇದು ಅಂತ ನಾನು ಹೇಳ್ತಿಲ್ಲ. ‘ಅಮಾನ್ಯೀಕರಣ’ ಕೂಡ ಅಮ್ಮನಿಂದ ಅಷ್ಟೇ ದೂರ. ಕಲಿಯೋದು ಬಿಡಿ ಅಂತಲೂ ಅಲ್ಲ. ಈ ಪದಗಳು ಗೊತ್ತಿಲ್ಲದಿದ್ದರೆ ಬಜೆಟ್ಟೂ ಅರ್ಥವಾಗಲ್ಲ, ನಮ್ಮದೇ ಆಫರ್ ಲೆಟರೂ ಅರ್ಥವಾಗಲ್ಲ. ಆದರೆ ಕಲಿತವನ ಮೇಲೆ ಒಂದು ಋಣ ಇದೆ. ಆ ಪದ ಯಾರ ಮೇಲೆ ಬೀಳುತ್ತೋ, ಅವರ ಮುಖ ನೋಡಿಕೊಂಡು ಅವರ ಮಾತಿನಲ್ಲೇ ಅದನ್ನು ಹೇಳೋಕೆ ಬರಬೇಕು.

ಈಗ ನೋಟ್‌ಬುಕ್ಕಿಗೆ ಮೂರನೇ ಕಾಲಂ ಎಳೆದಿದ್ದೇನೆ: ‘ಯಾರಿಗೆ ಏನಾಯ್ತು?’ ಡಿಮಾನಿಟೈಸೇಷನ್ ಮುಂದೆ ಸಾಸಿವೆ ಡಬ್ಬಿ ಅಂತಿದೆ. ರೈಟ್‌ಸೈಜಿಂಗ್ ಮುಂದೆ ಆ ಗೆಳೆಯನ ಹೆಸರಿದೆ. ಹೆಸರು ಬರೆದ ದಿನ ಅವನಿಗೆ ಫೋನ್ ಮಾಡಿ, ಅವತ್ತು ಹೇಳದೇ ಉಳಿದ ‘ಹೌದು’ ಹೇಳಿದೆ. ‘ಗೊತ್ತಿತ್ತು ಬಿಡು’ ಅಂದ.